ಬಿಜ್ಜು ಹಾರಿಸುವ ವಿದ್ಯೆ

ಡೇಗೆ ಬೇಟೆ ಎಂದ ಕೂಡಲೇ ಮರಳುಗಾಡು, ಬಿಳಿ ನಿಲುವಂಗಿಯ ಅರಬ್ಬರು, ಅವರ ಮುಂಗೈ ಮೇಲೆ ಕುಲಾವಿ ತೊಟ್ಟು ಕೂತ ದೊಡ್ಡ ಗಿಡುಗ ಕಣ್ಣ ಮುಂದೆ ಬರುತ್ತವೆ. ನಮ್ಮ ಬಯಲುಗಳಲ್ಲಿ ಸಾಮಾನ್ಯ ಜನ ಆಡುತ್ತಿದ್ದ ಬೇಟೆಯ ಬಗೆಯೇ ಬೇರೆ. ಪಾರಿವಾಳದ ಗಾತ್ರದ ಪುಟ್ಟ ಹಕ್ಕಿಯೊಂದನ್ನು ಬೇಟೆಗಾರ ಬಲ ಅಂಗೈಯಲ್ಲಿ ಮಲಗಿಸಿಕೊಳ್ಳುತ್ತಿದ್ದ. ಎದೆ, ತೊಡೆ ಅಂಗೈಗೆ ಒರಗಿರಬೇಕು, ರೆಕ್ಕೆ ಮಡಚಿರಬೇಕು. ಕೊರಳಿಗೆ ಸಡಿಲವಾಗಿ ಹಾಕಿದ ನುಣುಪು ಹುರಿಯ ತುದಿ ಅದೇ ಕೈಯಲ್ಲಿ, ಎಸೆಯುವಾಗ ಮೈ ನೆಟ್ಟಗೆ ನಿಲ್ಲಲೆಂದು. ಪೊದೆಯಿಂದ ಲಾವಕ್ಕಿ ಬುರ್ರೆಂದು ಎದ್ದ ಗಳಿಗೆಯಲ್ಲಿ ಈಟಿ ಬೀಸಿದ ಹಾಗೆ ಹಕ್ಕಿಯನ್ನು ಮುಂದಕ್ಕೆ ಎಸೆದುಬಿಡುವುದು. ಅಂಗೈ ಬಿಟ್ಟ ಮರುಕ್ಷಣವೇ ಅದು ಪೂರ್ತಿ ವೇಗದಲ್ಲಿರುತ್ತಿತ್ತು.

ಆ ಹಕ್ಕಿಯೇ ಬಿಜ್ಜು. ಹಕ್ಕಿ ವೀಕ್ಷಕರ ಬಾಯಲ್ಲಿ ಶಿಕ್ರಾ. ಬೆಂಗಳೂರಿನ ರಾಜಾಜಿನಗರದ ಹಳೆಯ ಸಾಲುಮರಗಳಲ್ಲಿ, ಬಸವೇಶ್ವರನಗರದ ಪಾರ್ಕುಗಳಲ್ಲಿ, ವಿಜಯನಗರದ ಮಹಡಿ ಮನೆಗಳ ನೀರಿನ ಟ್ಯಾಂಕುಗಳ ಮೇಲೆ ಅದು ಕೂರುತ್ತದೆ. ಅಳಿಲುಗಳು ಒಮ್ಮೆಗೇ ಕಿರುಚತೊಡಗಿದರೆ, ಹರಟೆಮಲ್ಲಗಳು ಗುಂಪುಗೂಡಿ ಗಲಾಟೆ ಎಬ್ಬಿಸಿದರೆ ಬಿಜ್ಜು ಹತ್ತಿರದಲ್ಲೇ ಇದೆ ಎಂದು ತಿಳಿಯಬಹುದು. ಬೆನ್ನು ಬೂದು, ಎದೆಯ ಮೇಲೆ ತೆಳುವಾದ ಕಂದುಗೆಂಪು ಅಡ್ಡಗೆರೆ. ಬೆಳೆದ ಗಂಡಿನ ಕಣ್ಣು ಮಾಣಿಕ್ಯದ ಕೆಂಪು, ಹೆಣ್ಣಿನದು ಹಳದಿ-ಕಿತ್ತಳೆ. ಬೇಟೆ ಹಕ್ಕಿಗಳ ರೂಢಿಯಂತೆ ಇಲ್ಲೂ ಹೆಣ್ಣೇ ದೊಡ್ಡದು. ಓತಿಕ್ಯಾತ, ಇಲಿಮರಿ, ದೊಡ್ಡ ಹುಳು, ಸಣ್ಣ ಹಕ್ಕಿ ಇದರ ಊಟ. ಎಲೆಯ ಮರೆಯಲ್ಲಿ ಸುಮ್ಮನೆ ಕೂತು ನೋಡಿ, ಒಂದೇ ನೆಗೆತಕ್ಕೆ ಎರಗುತ್ತದೆ. ಮೊದಲ ಓಟದಲ್ಲಿ ಸಿಗದಿದ್ದರೆ ಬೆನ್ನಟ್ಟುವ ಉಸಾಬರಿಗೆ ಸಾಮಾನ್ಯವಾಗಿ ಹೋಗುವುದಿಲ್ಲ. ಬೇಟೆಗಾರರು ಅದನ್ನು ಕೈಯಿಂದ ಎಸೆಯುತ್ತಿದ್ದುದು ಇದಕ್ಕೇ: ಆ ಮೊದಲ ಓಟಕ್ಕೆ ಮನುಷ್ಯನ ತೋಳಿನ ಬಲವನ್ನೂ ಕೂಡಿಸಲು.

ಈ ವಿದ್ಯೆಯನ್ನು ಬರೆದಿಟ್ಟ ಹಳೆಯ ಗ್ರಂಥಗಳಲ್ಲೊಂದು ಹುಟ್ಟಿದ್ದು ಕನ್ನಡ ನೆಲದಲ್ಲೇ ಎನ್ನುವುದು ನಮಗೆ ಅಷ್ಟಾಗಿ ನೆನಪಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸುಮಾರು 1129ರಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ಭಾಗಗಳಿವೆ. ಅರಮನೆಯ ವಿನೋದಗಳಿಗೆ ಮೀಸಲಾದ ಭಾಗದಲ್ಲಿ ಮಲ್ಲರ ಕಾಳಗ, ಕೋಳಿ ಅಂಕ, ಮೀನು ಹಿಡಿಯುವುದು, ಸಂಗೀತ, ಕಥೆಗಳ ಜೊತೆಗೆ 'ಶ್ಯೇನ ವಿನೋದ'ವೂ ಒಂದು. ಯೂರೋಪಿನವರು ಈ ಕಲೆಯ ಮಹಾಗ್ರಂಥವೆಂದು ಕೊಂಡಾಡುವ ಚಕ್ರವರ್ತಿ ಎರಡನೆಯ ಫ್ರೆಡರಿಕ್‌ನ ಕೃತಿ ಬಂದದ್ದು ಇದಾಗಿ ಒಂದು ಶತಮಾನ ಕಳೆದ ಮೇಲೆ. ಫ್ರೆಡರಿಕ್‌ನ ಪುಸ್ತಕಕ್ಕೆ ಸಿಕ್ಕ ಓದುಗರಲ್ಲಿ ಹತ್ತರಲ್ಲೊಂದು ಪಾಲಾದರೂ ಬಸವಕಲ್ಯಾಣದ ಈ ಪುಸ್ತಕಕ್ಕೆ ಸಿಗಬೇಕಿತ್ತು ಎನ್ನುವ ಕೊರಗು ನನ್ನದು. ಬರೋಡದಿಂದ 1925ರ ಹೊತ್ತಿಗೇ ಅಚ್ಚಾಗತೊಡಗಿದ ಗ್ರಂಥ ಅದು.

ಡೇಗೆಯ ನಂಟು ಆಮೇಲಿನ ದೊರೆಗಳಲ್ಲೂ ಕಾಣುತ್ತದೆ. 1485ರಲ್ಲಿ ವಿಜಯನಗರ ಸಾಮ್ರಾಜ್ಯದ ಪಟ್ಟವೇರಿದ ನರಸಿಂಹನ ಮನೆತನಕ್ಕೆ ಸಾಳುವ ಎಂಬ ಹೆಸರು. ಸಾಳುವ ಎಂದರೆ ಬೇಟೆಗೆ ಬಳಸುವ ಡೇಗೆಯೇ. ವಿಜಯಪುರದ ಎರಡನೆಯ ಇಬ್ರಾಹಿಂ ಆದಿಲ್‌ಶಾಹಿ ಕುದುರೆಯೇರಿ ಡೇಗೆ ಬೇಟೆಗೆ ಹೊರಟ ಚಿತ್ರವೊಂದು ಈಗ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದೆ. ದಖನಿ ಚಿತ್ರಕಲೆಯ ಮೇಲಿನ ಪುಸ್ತಕಗಳಲ್ಲಿ ಮತ್ತೆ ಮತ್ತೆ ಕಾಣುವ ಚಿತ್ರ ಅದು.

ಈ ಬೇಟೆಯ ಕಸುಬಿನ ಮಾತು ಹೆಚ್ಚಿನದು ಪಾರಸಿ, ಹಿಂದೂಸ್ತಾನಿಯಿಂದ ಬಂದದ್ದು. ದೊಡ್ಡ ಹೆಣ್ಣು ಡೇಗೆ ಬಾಜ್, ಅದರ ಗಂಡು ಜುರ್ರಾ. ಹೆಣ್ಣು ಬಿಜ್ಜು ಶಿಕ್ರಾ, ಗಂಡು ಚಿಪ್ಪಕ್. ಒಂದೇ ಜಾತಿಯ ಗಂಡು ಹೆಣ್ಣಿಗೆ ಬೇರೆ ಬೇರೆ ಹೆಸರು, ಏಕೆಂದರೆ ಅವು ಹಿಡಿಯುವ ಬೇಟೆ ಬೇರೆ. ಬಾಜ್ ರಾಜರ ಹಕ್ಕಿ, ದೂರದ ಬೆಟ್ಟಗಳಿಂದ ಬರಬೇಕು, ಬೆಲೆ ಹೆಚ್ಚು. ಬಿಜ್ಜು ಊರ ತೋಪಿನಲ್ಲೇ ಸಿಗುವ ಬಡವರ ಡೇಗೆ. ಲಾವಕ್ಕಿ, ಗೌಜಲಕ್ಕಿ, ಗೊರವಂಕವನ್ನು ಹಿಡಿದು ಮನೆಯ ಒಲೆಗೆ ಒದಗಿಸುತ್ತಿತ್ತು. ಕೆಂಪು ತಲೆಯ ಪುಟ್ಟ ಚಾಣ ತುರುಮ್ತಿಯನ್ನು ನೀಲಕಂಠದ ಮೇಲೆ ಬಿಡುತ್ತಿದ್ದರೆಂದು ಪಕ್ಷಿತಜ್ಞ ಜೆರ್ಡನ್ 1862ರ ತನ್ನ ಪುಸ್ತಕದಲ್ಲಿ ಬರೆದಿದ್ದಾನೆ. ನೀಲಕಂಠ ಈಗ ನಮ್ಮ ರಾಜ್ಯಪಕ್ಷಿ.

ಹಕ್ಕಿಯನ್ನು ಹಿಡಿಯಲು ಬಳಸುತ್ತಿದ್ದ ಬಲೆ ಬಾಲ್‌ಛತ್ರಿ. ಬೋರಲು ಹಾಕಿದ ಬಿದಿರಿನ ಪುಟ್ಟ ಬುಟ್ಟಿ, ಒಳಗೆ ಜೀವಂತ ಇಲಿಯೋ ಗುಬ್ಬಿಯೋ, ಮೇಲೆಲ್ಲ ಕುದುರೆ ಬಾಲದ ಕೂದಲಿನ ಉರುಳುಗಳು. ಎರಗಿದ ಡೇಗೆಯ ಬೆರಳು ಉರುಳಿಗೆ ಸಿಕ್ಕಿಬೀಳುತ್ತದೆ, ಮೈಗೆ ಗಾಯವಾಗುವುದು ಅಪರೂಪ. ಇಂದು ಜಗತ್ತಿನಾದ್ಯಂತ ಬೇಟೆ ಹಕ್ಕಿಗಳ ಕಾಲಿಗೆ ಉಂಗುರ ಹಾಕುವ ವಿಜ್ಞಾನಿಗಳು ಇದೇ ಬಲೆಯನ್ನು ಇದೇ ಹೆಸರಿನಿಂದ ಬಳಸುತ್ತಾರೆ.

ಪಳಗಿಸುವ ಕೆಲಸ ಶುರುವಾಗುವುದು ಮಂದ ಬೆಳಕಿನ ಕೋಣೆಯಲ್ಲಿ. ಕಾಲಿಗೆ ಮೆದು ತೊಗಲಿನ ಪಟ್ಟಿ, ಪಟ್ಟಿಗೆ ದಾರ, ಪುಟ್ಟ ಗೆಜ್ಜೆ. ಹಕ್ಕಿ ಪೊದೆಯೊಳಗೆ ಬೇಟೆಯ ಮೇಲೆ ಕೂತಾಗ ಎಲ್ಲಿದೆಯೆಂದು ಹೇಳುವುದು ಆ ಗೆಜ್ಜೆಯೇ. ಕೈಗವಸಿನ ಮುಷ್ಟಿಯ ಮೇಲೆ ಕೂರಿಸಿಕೊಂಡರೆ ಮೊದಮೊದಲು ಅದು ಹಾರಲು ಹೋಗಿ ತಲೆಕೆಳಗಾಗಿ ಜೋತುಬೀಳುತ್ತದೆ. ಎದೆಯಡಿಗೆ ಕೈ ಕೊಟ್ಟು ಮೆಲ್ಲಗೆ ಎತ್ತಿ ಕೂರಿಸಬೇಕು. ಮತ್ತೆ ಹಾರುತ್ತದೆ, ಮತ್ತೆ ಎತ್ತಬೇಕು. ಕಣ್ಣಿಟ್ಟು ನೋಡಬಾರದು, ದಿಟ್ಟಿಸಿದರೆ ಅದಕ್ಕೆ ಭಯ. ರಾತ್ರಿಯೆಲ್ಲ ಹೀಗೆ ಹಕ್ಕಿಯ ಜೊತೆ ಎಚ್ಚರವಿದ್ದವರುಂಟು. ಹಿಂದಿನವರು ರೆಪ್ಪೆಗಳನ್ನು ನೂಲಿನಿಂದ ಹೊಲಿದು, ದಿನದಿಂದ ದಿನಕ್ಕೆ ಸಡಿಲಿಸುತ್ತಿದ್ದರು. ಅದು ಕ್ರೂರವೇ, ಹಳೆಯದೆಂಬ ಕಾರಣಕ್ಕೆ ಅದನ್ನು ಸಮರ್ಥಿಸಬೇಕಾಗಿಲ್ಲ.

ಒಂದು ಗಳಿಗೆಯಲ್ಲಿ ಹಕ್ಕಿ ತಲೆ ಬಗ್ಗಿಸಿ ಬೆರಳ ನಡುವಿನ ಮಾಂಸದ ಚೂರನ್ನು ಕೀಳುತ್ತದೆ. ಪಳಗಿಸುವವನು ಕಾದದ್ದು ಇದಕ್ಕೇ. ಮುಂದೆ ಅಡ್ಡೆಯಿಂದ ಮುಷ್ಟಿಗೆ ಒಂದು ಹೆಜ್ಜೆ, ಆಮೇಲೆ ಒಂದು ಕುಪ್ಪಳಿಕೆ, ಆಮೇಲೆ ಉದ್ದ ದಾರ ಕಟ್ಟಿ ಅಂಗಳದ ಆ ತುದಿಯಿಂದ ಈ ತುದಿಗೆ ಹಾರಾಟ. ಕರೆದ ಕೂಡಲೇ ಹಿಂದೆಮುಂದೆ ನೋಡದೆ ಬಂದರೆ ಮಾತ್ರ ದಾರ ಬಿಚ್ಚುವುದು. ಬಿಜ್ಜು ಬೇಗ ಕಲಿಯುವ ಹಕ್ಕಿ, ಒಳ್ಳೆಯ ಕೈಯಲ್ಲಿ ಕೆಲವೇ ವಾರಗಳ ಮಾತು. ಹೊಡೆಯುವುದು, ಗದರುವುದು ಇಲ್ಲಿ ನಡೆಯುವುದಿಲ್ಲ. ನಾಯಿ ಹಿಂಡಿನಲ್ಲಿ ಬದುಕುವ ಪ್ರಾಣಿ, ಯಜಮಾನನ ಸಿಟ್ಟು ಅದಕ್ಕೆ ಅರ್ಥವಾಗುತ್ತದೆ. ಡೇಗೆ ಒಂಟಿ ಜೀವ. ಒಮ್ಮೆ ಹೆದರಿತೆಂದರೆ ಅಷ್ಟು ದಿನದ ಕೆಲಸ ನೀರುಪಾಲು.

ಇನ್ನು ತೂಕ. ಪಳಗಿಸುವವರೆಲ್ಲ ಕೊನೆಗೆ ಬಂದು ನಿಲ್ಲುವುದು ಇಲ್ಲೇ. ಹೊಟ್ಟೆ ತುಂಬಿದ ಡೇಗೆ ಕರೆದರೆ ಬರುವುದಿಲ್ಲ, ಹತ್ತಿರದ ಮರವೇರಿ ಕೂತುಬಿಡುತ್ತದೆ. ಹಸಿವು ಮಿತಿಮೀರಿದರೆ ಕುಸಿಯುತ್ತದೆ. ದೊಡ್ಡ ಹಕ್ಕಿಗೆ ಲೆಕ್ಕಕ್ಕೇ ಬಾರದ ನಾಲ್ಕೈದು ಗ್ರಾಂ ವ್ಯತ್ಯಾಸ ಬಿಜ್ಜಿನಂಥ ಪುಟ್ಟ ಮೈಗೆ ದೊಡ್ಡದು. ಚಳಿಯ ರಾತ್ರಿ ಒಂದು ಹೊತ್ತಿನ ಊಟ ತಪ್ಪಿದರೂ ಬೆಳಗಾಗುವಷ್ಟರಲ್ಲಿ ಸಾಯಬಹುದು. ತಕ್ಕಡಿ ಬಳಸದ ಕಾಲದಲ್ಲಿ ಹಳಬರು ಎದೆಮೂಳೆಯ ಎರಡೂ ಬದಿ ಬೆರಳಾಡಿಸಿ ಮಾಂಸ ಎಷ್ಟಿದೆಯೆಂದು ಅಳೆಯುತ್ತಿದ್ದರು. ಮೂಳೆ ಚೂಪಾಗಿ ತಾಗಿದರೆ ಅಪಾಯ, ದುಂಡಗಿದ್ದರೆ ಸರಿ. ಊಟದ ಜೊತೆ ನುಂಗಿದ ಪುಕ್ಕ, ಕೂದಲನ್ನು ಡೇಗೆ ಮಾರನೆಯ ಬೆಳಗ್ಗೆ ಉಂಡೆ ಮಾಡಿ ಕಾರುತ್ತದೆ. ಆ ಉಂಡೆಯ ಬಣ್ಣ, ವಾಸನೆ, ಹಸಿ ನೋಡಿ ಆರೋಗ್ಯ ಹೇಳುವುದು ಕೂಡ ಈ ವಿದ್ಯೆಯ ಭಾಗವೇ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಮ್ಮಲ್ಲಿ ಈ ಬೇಟೆಗೆ ಅವಕಾಶವಿಲ್ಲ. ಬಿಜ್ಜನ್ನು ಹಿಡಿಯುವುದು, ಸಾಕುವುದು, ಮಾರುವುದು ಎಲ್ಲವೂ ಅಪರಾಧ, 7 ವರ್ಷದವರೆಗೂ ಸೆರೆಮನೆ. ಡೇಗೆ ಬೇಟೆಯನ್ನು 2010ರಲ್ಲಿ ಯುನೆಸ್ಕೊ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಅದನ್ನು ಮುಂದಿಟ್ಟ ದೇಶಗಳಲ್ಲಿ ಭಾರತ ಇರಲಿಲ್ಲ. ಕಾಯ್ದೆ ಹೀಗೇ ಇರಲಿ ಎನ್ನುವವನು ನಾನು. ಲಾವಕ್ಕಿ ಎದ್ದೋಡುವ ಬಯಲೆಲ್ಲ ಲೇಔಟು ಆಗಿರುವಾಗ ಬಿಜ್ಜನ್ನೂ ಪಂಜರಕ್ಕೆ ತಳ್ಳಿ ಏನು ಸಾಧಿಸಿದ ಹಾಗಾಯಿತು? ಆದರೆ ಬೇಟೆ ನಿಂತಿತೆಂದು ಆ ತಿಳಿವಳಿಕೆಯನ್ನೂ ಕಳೆದುಕೊಳ್ಳಬೇಕಾಗಿಲ್ಲ. ಅದರ ಕೆಲಸ ಇನ್ನೂ ಮುಗಿದಿಲ್ಲ.

ಡಿಡಿಟಿ ವಿಷದಿಂದ ಅಮೆರಿಕದಲ್ಲಿ ಪೆರಿಗ್ರಿನ್ ಗಿಡುಗ ಅಳಿವಿನಂಚಿಗೆ ಬಂದಾಗ ಅದನ್ನು ಉಳಿಸಿದವರು ಡೇಗೆ ಪಳಗಿಸುವವರೇ. ಅಂಥವರಲ್ಲೊಬ್ಬರಾದ ಪ್ರೊಫೆಸರ್ ಟಾಮ್ ಕೇಡ್ 1970ರಲ್ಲಿ ಪೆರಿಗ್ರಿನ್ ಫಂಡ್ ಕಟ್ಟಿದರು. ಮರಿಗಳನ್ನು ಗೂಡಿನಂಥ ಪೆಟ್ಟಿಗೆಯಲ್ಲಿಟ್ಟು, ಮನುಷ್ಯರನ್ನು ಕಾಣದಂತೆ ಉಣಿಸಿ, ತಾವಾಗಿ ಹಾರಿಹೋಗಲು ಬಿಡುವ ಹಳೆಯ ಪದ್ಧತಿಯಿಂದ ಸಾವಿರಾರು ಹಕ್ಕಿಗಳು ಕಾಡಿಗೆ ಮರಳಿದವು. 1999ರಲ್ಲಿ ಪೆರಿಗ್ರಿನ್ ಅಲ್ಲಿನ ಅಪಾಯದ ಪಟ್ಟಿಯಿಂದ ಹೊರಬಂತು. ಗಾಯಗೊಂಡ ಬೇಟೆ ಹಕ್ಕಿಗೆ ಉದ್ದ ದಾರ ಕಟ್ಟಿ ಹಾರಿಸಿ, ಸೋತ ರೆಕ್ಕೆಗೆ ಬಲ ತುಂಬುವ ಕ್ರಮವೂ ಹಲವು ದೇಶಗಳ ಹಕ್ಕಿ ಆಸ್ಪತ್ರೆಗಳಲ್ಲಿದೆ.

ಬೆಂಗಳೂರಿನ ಪಶ್ಚಿಮಕ್ಕೆ ಇಂಥ ಆರೈಕೆಯ ನೆಲೆಯೊಂದಿದೆ: ಕೆಂಗೇರಿ ಬಳಿ ಉತ್ತರಹಳ್ಳಿ ರಸ್ತೆಯಲ್ಲಿರುವ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯ ವನ್ಯಜೀವಿ ಆಸ್ಪತ್ರೆ. ನಗರದಲ್ಲಿ ಪೆಟ್ಟು ತಿಂದ ಕಾಡುಜೀವಿಗಳಿಗೆ ಚಿಕಿತ್ಸೆ ಕೊಟ್ಟು ಮತ್ತೆ ಅವುಗಳ ಪಾಡಿಗೆ ಬಿಡುವುದು ಅಲ್ಲಿನ ಕೆಲಸ. ಆಷಾಢದ ಗಾಳಿಗೆ ಪಟ ಹಾರಿಸುವ ಕಾಲ ಬಂತೆಂದರೆ ಮರಗಳಿಗೆ ಸುತ್ತಿಕೊಂಡ ಮಾಂಜಾ ದಾರ ಹದ್ದುಗಳ ರೆಕ್ಕೆ ಕೊಯ್ಯುತ್ತದೆ. ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ನಿಷೇಧಿಸಿದೆ. ಹೀಗೆ ಪೆಟ್ಟು ತಿಂದ ಹಕ್ಕಿಯ ಗಾಯ ಮಾಯ್ದರಷ್ಟೇ ಸಾಲದು, ಬೇಟೆಯಾಡಿ ಹೊಟ್ಟೆ ಹೊರೆಯುವ ಹಕ್ಕಿ ಮೊದಲಿನ ಹಾಗೆ ತಿರುಗಿ, ಎರಗಿ, ಹಿಡಿಯಬಲ್ಲದೇ ಎಂದು ನೋಡಿದ ಮೇಲೆಯೇ ಬಿಡಬೇಕು. ಎದೆಮೂಳೆ ಮುಟ್ಟಿ ನೋಡಿದವರಿಗೆ, ಗ್ರಾಂ ಲೆಕ್ಕದಲ್ಲಿ ಉಣಿಸಿದವರಿಗೆ ಗೊತ್ತಿದ್ದದ್ದೂ ಇದೇ.

ಬಿಜ್ಜು ನೋಡುವ ಆಸೆಯಿದ್ದರೆ ಸಾವಿರ ಎಕರೆಗೂ ಮಿಕ್ಕ ಜ್ಞಾನಭಾರತಿ ಆವರಣ ಒಳ್ಳೆಯ ಜಾಗ. ಬೆಳಗ್ಗೆ ಹೋಗಿ, ಎರಡು ಸ್ವರದ ಚೂಪು ಕೂಗಿಗೆ ಕಿವಿಗೊಡಿ. ಕಾಜಾಣವೂ ಅದೇ ಕೂಗನ್ನು ಅನುಕರಿಸುತ್ತದೆ, ಮೋಸಹೋಗಬೇಡಿ. ಬೇಸಿಗೆ ಗೂಡು ಕಟ್ಟುವ ಕಾಲ, ಮರಿಗಳು ಕೆಳಗೆ ಬೀಳುವುದೂ ಆಗಲೇ. ಬಿದ್ದ ಮರಿ ಸಿಕ್ಕರೆ ಹಾಲು, ಅನ್ನ, ನೀರು ಯಾವುದನ್ನೂ ಬಾಯಿಗೆ ಹಾಕಬೇಡಿ. ತೂತು ಮಾಡಿದ ರಟ್ಟಿನ ಡಬ್ಬದಲ್ಲಿ ಹಳೆಯ ಟವಲು ಹಾಸಿ, ಮುಚ್ಚಿ, ಗದ್ದಲವಿಲ್ಲದ ಕಡೆ ಇಟ್ಟು, ಅಂದೇ ಅರಣ್ಯ ಇಲಾಖೆಗೋ ವನ್ಯಜೀವಿ ಆಸ್ಪತ್ರೆಗೋ ತಲುಪಿಸಿ. ಉಗುರು ಸೂಜಿಯಷ್ಟು ಚೂಪು, ಎತ್ತುವಾಗ ಕೈಗೆ ದಪ್ಪ ಬಟ್ಟೆ ಸುತ್ತಿಕೊಳ್ಳಿ.