ಕೇಸು ತೊಳೆಯುವ ಗ್ಯಾರೇಜು

ಪೆನ್ಸಿಲ್ವೇನಿಯಾದ ಹಳ್ಳಿಗಾಡಿನ ಒಂದು ಶೂಟಿಂಗ್ ರೇಂಜ್. ಗುಂಡಿನ ಸದ್ದು ನಿಂತು, ಬಂದೂಕುಗಳೆಲ್ಲ ಖಾಲಿಯಾಗಿ ಮೇಜಿನ ಮೇಲೆ ಮಲಗಿದ ಮೇಲೆ ಜನ ಬಗ್ಗಿ ನೆಲ ತಡಕತೊಡಗುತ್ತಾರೆ. ಜಲ್ಲಿಯ ನಡುವೆ, ಹುಲ್ಲಿನ ಬುಡದಲ್ಲಿ ಹಾರಿ ಬಿದ್ದ ತೋಟಾಗಳ ಖಾಲಿ ಕೇಸುಗಳು; ಬಾಯಿಗೆಲ್ಲ ಮಸಿ, ಮೈಗೆಲ್ಲ ಮಣ್ಣು. 70 ಪಾಲು ತಾಮ್ರಕ್ಕೆ 30 ಪಾಲು ಸತು ಬೆರೆತ ಹಿತ್ತಾಳೆಯಿದು. ಶುಚಿ ಮಾಡಿ, ಕಿಡಿ ಹೊತ್ತಿಸುವ ಹೊಸ ಪ್ರೈಮರ್, ಮದ್ದು, ಗುಂಡು ಕೂರಿಸಿದರೆ ಹಲವು ಸಲ ಬಾಳುತ್ತದೆ.

ಮನೆಯ ಗ್ಯಾರೇಜಿನಲ್ಲಿ ಅದುರುವ ಟಂಬ್ಲರ್ ಯಂತ್ರ ಗುಂಯ್‌ಗುಡುತ್ತಿದೆ. ಅದರ ಬಟ್ಟಲಿನ ತುಂಬ ಮೆಕ್ಕೆಜೋಳದ ದಿಂಡಿನ ಹೊಂಬಣ್ಣದ ನುಚ್ಚು. ಕೇಸುಗಳು ಅದರೊಳಗೆ ಮುಳುಗುತ್ತವೆ, ಸುತ್ತು ಹೊಡೆದು ಅಂಚಿನಲ್ಲಿ ತಲೆಯೆತ್ತುತ್ತವೆ, ಮತ್ತೆ ಮುಳುಗುತ್ತವೆ. ಗಟ್ಟಿ ಕೊಳೆಗೆ ಅಕ್ರೋಟಿನ ಚಿಪ್ಪಿನ ಪುಡಿ ಮೇಲು. ಹೊಳಪಿಗೆ ಜೋಳದ ದಿಂಡೇ ಸರಿ. ಎರಡು ಮೂರು ಗಂಟೆ ಹೀಗೆ ಉರುಳಿದರೆ ಹೊರಮೈ ತಿಳಿಯಾಗುತ್ತದೆ. ಬೆಲೆಯೂ ಕೈಗೆಟುಕುವುದರಿಂದ ಹೊಸಬರ ಕಣ್ಣು ಮೊದಲು ಬೀಳುವುದು ಇದರ ಮೇಲೆಯೇ.

ಮುಚ್ಚಳ ತೆಗೆದಾಗ ಕಿಟಕಿಯ ಬಿಸಿಲಿನಲ್ಲಿ ಬೂದುಬಣ್ಣದ ಧೂಳು ಏಳುತ್ತದೆ. ಯಂತ್ರ ಕೊಳ್ಳುವವರು ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಈ ಧೂಳನ್ನು ಎಂದೇ ನನ್ನ ನಂಬಿಕೆ. ಬಹುತೇಕ ಪ್ರೈಮರ್‌ಗಳಲ್ಲಿ ಸೀಸದ ಸಂಯುಕ್ತವಿರುತ್ತದೆ. ಅದು ಉರಿದುಳಿದ ಸೀಸ ನುಚ್ಚಿಗಂಟಿ, ಕೇಸುಗಳನ್ನು ಬೇರ್ಪಡಿಸಲು ಜರಡಿ ಹಿಡಿದಾಗ ಗಾಳಿಗೇರುತ್ತದೆ. ಮಕ್ಕಳು ಓಡಾಡುವ ಜಾಗದಲ್ಲಿ, ಅಡುಗೆಮನೆಯ ಪಕ್ಕದಲ್ಲಿ ಈ ಕೆಲಸ ಕೂಡದು. ಯಂತ್ರ ಮುಚ್ಚಳ ಹಾಕಿಕೊಂಡು ಬಯಲಲ್ಲಿ ಓಡಲಿ, ಜರಡಿ ಹಿಡಿಯುವವರು ಮಾಸ್ಕ್ ತೊಡಲಿ, ಕೆಲಸ ಮುಗಿದೊಡನೆ ಕೈ ತೊಳೆಯಲಿ.

ಪಕ್ಕದ ಬೆಂಚಿನ ಮೇಲೆ ನೀರಿನ ಟಂಬ್ಲರ್ ಉರುಳುತ್ತಿದೆ. ಪೀಪಾಯಿಯೊಳಗೆ ಪಾತ್ರೆ ತೊಳೆಯುವ ಸೋಪಿನ ಕೆಲವು ಹನಿ, ಚಿಟಿಕೆ ಸಿಟ್ರಿಕ್ ಆಮ್ಲ, ಹಿಡಿ ಹಿಡಿ ಸ್ಟೀಲ್ ಸೂಜಿಗಳು. ಹಿತ್ತಾಳೆಯ ದೀಪದ ಕಂಬಕ್ಕೆ ನಮ್ಮಲ್ಲಿ ಹುಣಸೆಹಣ್ಣು ಮಾಡುವ ಕೆಲಸವನ್ನು ಇಲ್ಲಿ ಆ ಆಮ್ಲ ಮಾಡುತ್ತದೆ. ಅತಿಯಾದರೆ ಸತು ಕರಗಿ ಹಿತ್ತಾಳೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಹೊರಬರುವ ನೀರು ಮಸಿಗಪ್ಪು. ಹಳೆಯ ಪ್ರೈಮರ್ ಮೊದಲೇ ತೆಗೆದಿದ್ದರೆ ಅದರ ಕುಳಿಯೂ, ಕೇಸಿನ ಒಳಗೋಡೆಯೂ ಫಳಫಳ. ಧೂಳು ಏಳುವುದಿಲ್ಲ, ಆದರೆ ಸೀಸ ಆ ನೀರಿನಲ್ಲೇ ಇರುತ್ತದೆ. ಸೂಜಿಗಳದ್ದು ಬೇರೆಯೇ ಕಾಟ: ಕಿಡಿ ಹಾಯುವ ಪುಟ್ಟ ರಂಧ್ರದಲ್ಲಿ ಎರಡು ಜೊತೆಯಾಗಿ ಸಿಕ್ಕಿಕೊಳ್ಳಬಹುದು. ಒಂದೊಂದು ಕೇಸನ್ನೂ ಬೆಳಕಿಗೆ ಹಿಡಿದು ನೋಡಲೇಬೇಕು. ಅಲ್ಟ್ರಾಸಾನಿಕ್ ತೊಟ್ಟಿಯೂ ಒಳಗೆಲ್ಲ ಶುಚಿ ಮಾಡುತ್ತದೆ, ಹೊಳಪು ಮಾತ್ರ ಕೊಡದು.

ಹೊಳಪಿನ ಆಸೆಗೆ ಅಮೋನಿಯಾ ಇರುವ ಪಾಲಿಷ್ ಹಚ್ಚಬಾರದು. 19ನೇ ಶತಮಾನದಲ್ಲಿ ಭಾರತದಲ್ಲಿದ್ದ ಬ್ರಿಟಿಷ್ ಸೇನೆ ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ಇಟ್ಟ ಕಾಡತೂಸುಗಳ ಹಿತ್ತಾಳೆ ಬಿರುಕು ಬಿಡುತ್ತಿತ್ತು. ಕುದುರೆ ಮೂತ್ರದ ಅಮೋನಿಯಾ, ಗಾಳಿಯ ತೇವ, ಲೋಹವನ್ನು ಎಳೆದು ರೂಪಿಸುವಾಗ ಒಳಗುಳಿದ ಬಿಗಿತ ಮೂರೂ ಸೇರಿದ್ದೇ ಕಾರಣವೆಂದು 1921ರಲ್ಲಿ ಖಚಿತವಾಯಿತು.

ತಿಂಗಳಿಗೆ ಬೆರಳೆಣಿಕೆಯಷ್ಟು ತೋಟಾ ಕಟ್ಟುವವರಿಗೆ ಆರಂಭದಲ್ಲಿ ಯಂತ್ರವೇ ಬೇಡ. ಬಕೆಟ್ಟು, ಬಿಸಿನೀರು, ಸೋಪು ಸಾಕು. ಕೇಸಿಗೆ ಮತ್ತೆ ಆಕಾರ ಕೊಡುವ ಡೈಗೆ ಗೀರು ಬೀಳಿಸುವ ಮಣ್ಣು ಹೋದರಾಯಿತು. ನೂರಾರು ಕೇಸು ಕೂಡತೊಡಗಿದಾಗ, ಮನೆಯಲ್ಲಿ ಮಕ್ಕಳಿದ್ದರೆ ನಾನು ನೀರಿನ ಟಂಬ್ಲರನ್ನೇ ಆರಿಸುತ್ತೇನೆ. ತೊಳೆದ ಕೇಸುಗಳನ್ನು ಹಳೆಯ ಟವೆಲಿನ ಮೇಲೆ ಹರಡಬೇಕು; ಪ್ರೈಮರ್ ಕುಳಿಯ ತೇವ ಪೂರ್ತಿ ಆರುವ ತನಕ ಮದ್ದಿನ ಡಬ್ಬಿ ತೆರೆಯುವಂತಿಲ್ಲ.