ನೀರಿಗಿಂತ ಮುಂಚೆ ಸುದ್ದಿ ತಲುಪಬೇಕಾದರೆ

ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಯು ಕಿತ್ತೂರು ತಾಲ್ಲೂಕಿನ ಎಂ.ಕೆ. ಹುಬ್ಬಳ್ಳಿ, ಬೈಲಹೊಂಗಲ ತಾಲ್ಲೂಕಿನ ಸಂಗೊಳ್ಳಿಗಳನ್ನು ಹಾಯ್ದು ಸವದತ್ತಿ ತಾಲ್ಲೂಕಿನ ನವಿಲುತೀರ್ಥ ಜಲಾಶಯವನ್ನು ಸೇರುತ್ತದೆ. ಅಲ್ಲಿಂದ ಹೊರಬಿದ್ದ ನೀರು ರಾಮದುರ್ಗದತ್ತ ಸಾಗುತ್ತದೆ. ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ತಾಲ್ಲೂಕುಗಳು ಬೈಲಹೊಂಗಲ ಕಂದಾಯ ಉಪವಿಭಾಗಕ್ಕೆ ಸೇರಿವೆ. ಆದರೆ ಜಲಾಶಯದ ಗೇಟುಗಳು ಕರ್ನಾಟಕ ನೀರಾವರಿ ನಿಗಮದ ಅಧೀನದಲ್ಲಿವೆ. ವಿದ್ಯುತ್ತು ಹೆಸ್ಕಾಂನದು, ಬಸ್ಸು ವಾಯವ್ಯ ಸಾರಿಗೆಯದು. ಮಳೆಯ ಲೆಕ್ಕವಿಡುವವರು ಮತ್ತೆ ಬೇರೆಯೇ.

2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗ ಪಟ್ಟಣವೂ ನದಿದಂಡೆಯ ಹಳ್ಳಿಗಳೂ ಜಲಾವೃತವಾದದ್ದು ಇನ್ನೂ ಜನರ ನೆನಪಿನಲ್ಲಿದೆ. ನವಿಲುತೀರ್ಥದ ಗರಿಷ್ಠ ಮಟ್ಟ 2079.50 ಅಡಿ, ಸಾಮರ್ಥ್ಯ 37.73 ಟಿಎಂಸಿ. ಈ ಮಟ್ಟ ಸಮೀಪಿಸಿದ ಮೇಲೆ ಬಂದಷ್ಟು ನೀರನ್ನು ಬಿಡದೆ ವಿಧಿಯಿಲ್ಲ. ಆದ್ದರಿಂದ ಖಾನಾಪುರದ ಕಾಡಿನಲ್ಲಿ ಸುರಿದ ಮಳೆಯ ಮಾಹಿತಿ ಬೇಗ ದೊರೆತಷ್ಟೂ ಮುಂಚಿತವಾಗಿ, ಸ್ವಲ್ಪ ಸ್ವಲ್ಪವೇ ನೀರು ಬಿಡಲು ಅವಕಾಶ ದೊರೆಯುತ್ತದೆ.

ಇಲ್ಲಿ ಎದುರಾಗುವ ನಿಜವಾದ ತೊಡಕು ಭಾಷೆಯದು. ಅಭಿಯಂತರರು ಕ್ಯೂಸೆಕ್‌ಗಳಲ್ಲಿ ಮಾತನಾಡುತ್ತಾರೆ. ದಿನವಿಡೀ 11,574 ಕ್ಯೂಸೆಕ್ ಹರಿದರೆ ಒಂದು ಟಿಎಂಸಿ ಎಂಬುದು ಅವರಿಗೆ ಬಾಯಿಪಾಠ. ನದಿದಂಡೆಯ ರೈತನಿಗಾದರೋ ಬೇಕಾದದ್ದು ಒಂದೇ ಉತ್ತರ: ಪಂಪ್‌ಸೆಟ್ಟನ್ನು ಇಂದು ರಾತ್ರಿಯೇ ಮೇಲೆತ್ತಬೇಕೇ, ಬೆಳಗಿನವರೆಗೆ ಬಿಡಬಹುದೇ? ಲೈನ್‌ಮನ್‌ಗೆ ಯಾವ ಟ್ರಾನ್ಸ್‌ಫಾರ್ಮರ್ ಬಂದ್ ಮಾಡಬೇಕೆಂಬುದು ತಿಳಿಯಬೇಕು. ಬಸ್ ಡಿಪೋಗೆ ಯಾವ ಸೇತುವೆ ಮುಳುಗುತ್ತದೆಂಬುದು. ಇಷ್ಟು ಕ್ಯೂಸೆಕ್ ಬಿಟ್ಟರೆ ಇಂಥ ಸೇತುವೆ, ಇಂಥ ಓಣಿ ಎಂಬ ಪಟ್ಟಿಯನ್ನು ಬೇಸಿಗೆಯಲ್ಲೇ ಎಲ್ಲ ಇಲಾಖೆಗಳೂ ಒಟ್ಟಿಗೆ ಕುಳಿತು ಸಿದ್ಧಪಡಿಸಬೇಕು. ಹಿಂದಿನ ನೆರೆಗಳಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂಬುದನ್ನು ಹೇಳಬಲ್ಲ ಹಿರಿಯರು ಪ್ರತಿ ಊರಿನಲ್ಲೂ ಇದ್ದಾರೆ.

ಸುದ್ದಿ ಸಾಗುವ ದಾರಿಯೂ ಮುಖ್ಯ. ಅಣೆಕಟ್ಟೆಯಿಂದ ಜಿಲ್ಲಾಧಿಕಾರಿಗೆ, ಅಲ್ಲಿಂದ ಉಪವಿಭಾಗಾಧಿಕಾರಿಗೆ, ತಹಶೀಲ್ದಾರರಿಗೆ, ಗ್ರಾಮ ಆಡಳಿತಾಧಿಕಾರಿಗೆ ಎಂದು ಮೆಟ್ಟಿಲಿಳಿಯುತ್ತ ಬಂದರೆ ಯಾರದೋ ಒಂದು ಫೋನು ಸಿಗದಿದ್ದರೂ ಎಲ್ಲವೂ ಅಲ್ಲಿಗೇ ನಿಲ್ಲುತ್ತದೆ. ಮೇಲಧಿಕಾರಿಗೆ ವರದಿ ಹೋಗುವ ಹೊತ್ತಿಗೇ ರಾಮದುರ್ಗದ ಕಚೇರಿಗೂ ಅದು ತಲುಪಬೇಕು. ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದ ಮಾತ್ರಕ್ಕೆ ತಿಳಿಸಿದಂತಾಗುವುದಿಲ್ಲ (ನೂರು ಶುಭೋದಯಗಳ ನಡುವೆ ಅದನ್ನು ಹುಡುಕುವವರಾರು?). ‘ತಲುಪಿತು, ಡಂಗುರ ಸಾರಿದೆವು’ ಎಂಬ ಮರುಮಾತು ಬರುವವರೆಗೂ ಕರೆ ಮಾಡುತ್ತಲೇ ಇರಬೇಕು. ಕೆಳಗಿನಿಂದ ಮೇಲಕ್ಕೂ ಸುದ್ದಿ ಹೋಗಬೇಕು: ಹಳ್ಳಗಳು ಮೊದಲೇ ತುಂಬಿ ಹರಿಯುತ್ತಿವೆ ಎಂಬುದು ಗೇಟು ಎತ್ತುವವರಿಗೆ ತಿಳಿದಿರಬೇಕಲ್ಲವೇ?

2021ರ ಅಣೆಕಟ್ಟೆ ಸುರಕ್ಷತಾ ಕಾಯ್ದೆಯು ಒಳಹರಿವಿನ ಮುನ್ಸೂಚನೆಯನ್ನೂ ಕೆಳದಂಡೆಗೆ ತುರ್ತು ಎಚ್ಚರಿಕೆ ನೀಡುವ ವ್ಯವಸ್ಥೆಯನ್ನೂ ಅಣೆಕಟ್ಟೆಯ ಒಡೆತನದವರ ಹೊಣೆಯಾಗಿಸಿದೆ. ಆ ಎಚ್ಚರಿಕೆ ರಾತ್ರಿ ಎರಡು ಗಂಟೆಗೆ ಬಂದರೆ ರಾಮದುರ್ಗದಲ್ಲಿ ಫೋನ್ ಎತ್ತುವವರು ಯಾರು, ಅವರು ರಜೆಯಲ್ಲಿದ್ದರೆ ಇನ್ನಾರು ಎಂಬುದನ್ನು ಮಾತ್ರ ತಾಲ್ಲೂಕು ಕಚೇರಿಯಲ್ಲಿಯೇ ಬರೆದಿಡಬೇಕಾಗುತ್ತದೆ.