ಕೀಟದ ಮದ್ದು ನಾಯಿಯ ಬಾಯಿಗೆ ಬಿದ್ದರೆ

ಬಳ್ಳಾರಿಯ ಅಡುಗೆಮನೆಗಳಲ್ಲಿ ಜಿರಳೆ, ಇರುವೆಗಳಿಗೆಂದು ನಾವು ಮದ್ದು ಇಡುತ್ತೇವೆ. ಕೀಟವನ್ನು ಸೆಳೆಯಲು ಅದರಲ್ಲಿ ಸಿಹಿ ಅಥವಾ ಜಿಡ್ಡು ಬೆರೆತಿರುವುದರಿಂದ ಮನೆಯ ನಾಯಿಯೂ ಅದಕ್ಕೆ ಬಾಯಿ ಹಾಕುವುದುಂಟು.

ಆಗ ಗಾಬರಿಗೊಳ್ಳದೆ, ತಿಂದ ಮದ್ದು ಯಾವುದೆಂಬುದನ್ನು ಮೊದಲು ಪೊಟ್ಟಣದಲ್ಲಿ ನೋಡಬೇಕು. ಜಿರಳೆಯ ಜೆಲ್‌ನಲ್ಲಿ ಕೀಟನಾಶಕದ ಅಂಶ ಅತ್ಯಲ್ಪ. ತುಸು ನೆಕ್ಕಿದ ದೊಡ್ಡ ನಾಯಿಗೆ ಬಹುಮಟ್ಟಿಗೆ ವಾಂತಿ, ಭೇದಿಯಷ್ಟೇ ಆದೀತು. ಪ್ಲಾಸ್ಟಿಕ್ ಡಬ್ಬಿಯನ್ನೇ ನುಂಗಿದ್ದರೆ ಕರುಳು ಕಟ್ಟಬಹುದು. ಮೈ ನಡುಗಿದರೆ ತಡಮಾಡಲಾಗದು.

ಇಲಿಪಾಷಾಣದ ಮಾತೇ ಬೇರೆ. ಸಿರುಗುಪ್ಪ, ಕುರುಗೋಡು ಕಡೆಯ ರೈತರು ಹೊಲಗದ್ದೆಗೆಂದು ತಂದು ಮನೆಯಲ್ಲಿ ಉಳಿಸಿದ ಜಿಂಕ್ ಫಾಸ್ಫೈಡ್, ಹೊಟ್ಟೆಯ ಆಮ್ಲದೊಡನೆ ಸೇರಿ ವಿಷಾನಿಲವಾಗುತ್ತದೆ. ಕೆಲವೇ ಗಂಟೆಗಳಲ್ಲಿ ಪ್ರಾಣಕ್ಕೆ ಎರವಾಗಬಹುದು. ಅಂತಹ ನಾಯಿ ವಾಂತಿ ಮಾಡಿದರೆ ಕಿಟಕಿ ತೆರೆದು ನಾವೂ ದೂರ ಸರಿಯಬೇಕು. ಬ್ರೊಮಾಡಿಯೋಲೋನ್ ತಿಂದ ನಾಯಿಯಾದರೋ ಎರಡು ಮೂರು ದಿನ ಲವಲವಿಕೆಯಿಂದಲೇ ಇದ್ದು, ಅನಂತರ ಒಳಗೊಳಗೇ ರಕ್ತ ಸೋರತೊಡಗುತ್ತದೆ. ಕೆ1 ಜೀವಸತ್ವ ಇದಕ್ಕೆ ಮದ್ದು. ಲಕ್ಷಣ ಕಾಣುವವರೆಗೆ ಕಾಯಬಾರದು.

ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು, ಎಣ್ಣೆ ಹೊಯ್ಯುವುದು ಸಲ್ಲದು. ಉಪ್ಪೇ ವಿಷವಾದೀತು, ಎಣ್ಣೆ ಶ್ವಾಸಕೋಶಕ್ಕೆ ಇಳಿದೀತು. ಬಾಯಿಯ ಸುತ್ತ ಒರೆಸಿ, ತಿಂದ ಹೊತ್ತನ್ನೂ ಅಂದಾಜು ಪ್ರಮಾಣವನ್ನೂ ಗುರುತಿಟ್ಟುಕೊಂಡು, ಪೊಟ್ಟಣದೊಡನೆ ಪಶುವೈದ್ಯರಲ್ಲಿಗೆ ಒಯ್ಯಬೇಕು. ಅವರು ದೂರವಿದ್ದರೆ ಮೊದಲೇ ದೂರವಾಣಿಯಲ್ಲಿ ತಿಳಿಸಿ ಸಲಹೆ ಕೇಳಬೇಕು.

ಮದ್ದನ್ನು ಒಲೆಯ ಹಿಂದಿನ ಸಂದಿಯಲ್ಲೋ ಮುಚ್ಚಿದ ಕಪಾಟಿನಲ್ಲೋ ಇಡೋಣ. ಬಾಗಿಲು ಕಾಯುವ ಮೂಕ ಜೀವವನ್ನು ಕಾಯುವುದೂ ನಮ್ಮ ದಯಾಧರ್ಮವೇ.